ಅಪ್ಪಯ್ಯ ಮರೆತ ಮಂತ್ರ

ನನ್ನ ಅಪ್ಪಯ್ಯ ದರ್ಜಿ. ಅವನ ಗುರುಗಳು ಹೊಲಿದ ಬಟ್ಟೆ ಉಡದ ಸನ್ಯಾಸಿ. ಊರಲ್ಲಿ ಇಷ್ಟು ಜನ ಇರುವಾಗ ಇವನಿಗೆ ಅವರೇ ಬೇಕಾಗಿತ್ತೇ ಅಂತ ನಾನು ಆಗ ಎಷ್ಟೋ ಸಲ ಗೊಣಗಿದ್ದೇನೆ. "ಒಂದು ಅಂಗಿ ಹೊಲಿದು ಕೊಡೋಣ ಅಂದ್ರೆ ಅದಕ್ಕೂ ಇಲ್ಲ, ಎಂತ ಗುರುಗಳೋ ಮಾರಾಯ" ಅಂದರೆ ಅಪ್ಪಯ್ಯ ತುಟಿಯಲ್ಲಿ ಕಚ್ಚಿಕೊಂಡ ಗುಂಡುಸೂಜಿ ತೆಗೆಯದೆಯೇ ನಗುತ್ತಿದ್ದ. ನನ್ನ ಮಾತಿನಲ್ಲಿ ಅರ್ಧ ತಮಾಷೆ ಇತ್ತು. ಇನ್ನರ್ಧ ಏನಿತ್ತು ಅಂತ ಮುಂದೆ ಹೇಳುತ್ತೇನೆ.

ತೀರ್ಥಹಳ್ಳಿಯಲ್ಲಿ ತುಂಗಾ ಹೊಳೆಯ ಒಂದು ದಂಡೆಗೆ ಪೇಟೆ, ಇನ್ನೊಂದು ದಂಡೆಗೆ ಕುರುವಳ್ಳಿ. ನಡುವೆ ಸೇತುವೆ. ನಮ್ಮ ಮನೆ ಕುರುವಳ್ಳಿಯಲ್ಲಿ, ಅಪ್ಪಯ್ಯನ ಹೊಲಿಗೆ ಅಂಗಡಿ ಪೇಟೆಯಲ್ಲಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅವನು ಸೇತುವೆ ದಾಟುತ್ತಿದ್ದ. ನನಗೆ ಹನ್ನೊಂದು ವರ್ಷವಾಗಿದ್ದಾಗ ಅಮ್ಮ ಹೋದಳು. ಅಲ್ಲಿಂದಾಚೆ ಮನೆಯಲ್ಲಿ ನಾವಿಬ್ಬರೇ. ನನ್ನ ಜಡೆ ಹಾಕುವುದನ್ನೂ ಅವನೇ ಕಲಿತ. ದರ್ಜಿಯ ಬೆರಳು ನೋಡಿ, ಜಡೆ ಬಲು ಬಿಗಿ. ಶಾಲೆಯಲ್ಲಿ ಇಡೀ ದಿನ ನನ್ನ ಹುಬ್ಬು ಮೇಲಕ್ಕೆ ಎಳೆದುಕೊಂಡೇ ಇರುತ್ತಿತ್ತು.

ಗುರುಗಳು ಯಾವ ದೊಡ್ಡ ಮಠದವರೂ ಅಲ್ಲ. ಹೊಸನಗರದ ಕಡೆ ಶರಾವತಿ ದಂಡೆಯ ಒಂದು ಹಳ್ಳಿಯಲ್ಲಿ, ಹಳೆಯ ಗುಡಿಯೊಂದರ ಪೌಳಿಯಲ್ಲಿ ಎಷ್ಟೋ ವರ್ಷ ಇದ್ದರಂತೆ. ಕೆಳಗೆ ಅಣೆಕಟ್ಟು ಎದ್ದು ಹೊಳೆಯ ನೀರು ಹಿಂದಕ್ಕೆ ಏರತೊಡಗಿದಾಗ ಆ ಹಳ್ಳಿಯವರೆಲ್ಲ ಹಂಚು, ಬಾಗಿಲು, ತೊಲೆ ಬಿಚ್ಚಿಕೊಂಡು ದಿಕ್ಕಿಗೊಬ್ಬರಾಗಿ ಹೋದರು. ಇವರಿಗೆ ಬಿಚ್ಚಿಕೊಳ್ಳಲು ಏನೂ ಇರಲಿಲ್ಲ. ದಂಡ, ಕಮಂಡಲು ಹಿಡಿದು ನಡೆದುಕೊಂಡೇ ತೀರ್ಥಹಳ್ಳಿಗೆ ಬಂದರು. ಅರವತ್ತರ ದಶಕದ ನಡುವಿನ ಮಾತು ಇದು. ಪೇಟೆಯ ಒಬ್ಬ ಅಡಿಕೆ ಮಂಡಿ ಸಾಹುಕಾರರು ಹೊಳೆಗೆ ಮುಖ ಮಾಡಿದ್ದ ತಮ್ಮ ಹಳೆ ಕಟ್ಟಡದ ಉಪ್ಪರಿಗೆ ಬಿಟ್ಟುಕೊಟ್ಟರು. ಅದರ ಕಿಟಕಿಯಲ್ಲಿ ನಿಂತರೆ ಸೇತುವೆ ಪೂರ್ತಿ ಕಾಣುತ್ತಿತ್ತು.

ಬೆಳಗಿನ ಹೊತ್ತು ಗುರುಗಳು ಅಲ್ಲಿ ಐದಾರು ಜನಕ್ಕೆ ಆಸನ, ಪ್ರಾಣಾಯಾಮ ಹೇಳಿಕೊಡುತ್ತಿದ್ದರು. ಅಪ್ಪಯ್ಯ ಹೋದದ್ದು ಮೋಕ್ಷಕ್ಕೇನೂ ಅಲ್ಲ. ಮಿಷನ್ನಿನ ಮುಂದೆ ಬಗ್ಗಿ ಬಗ್ಗಿ ಕತ್ತು ಹಿಡಿದುಕೊಂಡಿತ್ತು, ಬಟ್ಟೆಯ ಧೂಳಿಗೆ ಉಬ್ಬಸ ಬೇರೆ. ಮೊದಲ ಮೂರು ತಿಂಗಳು ಅವರು ಒಂದು ಆಸನವನ್ನೂ ಕಲಿಸಲಿಲ್ಲ, ಸುಮ್ಮನೆ ಕೂರಿಸಿದರು. ಆಮೇಲೆ ಒಂದು ದಿನ ಅಂಗಡಿಗೇ ಬಂದು, ಇವನು ಸೂಜಿಗೆ ದಾರ ಪೋಣಿಸುವುದನ್ನು ನಿಂತು ನೋಡಿದರಂತೆ. "ದಾರ ಕಣ್ಣಿಗೆ ಹೋಗೋ ತನಕ ಉಸಿರು ಹಿಡ್ಕೊಂಡಿದ್ದೆ ನೋಡು, ಅದೇ ಕುಂಭಕ. ಹಿಡಿಯೋದು ನಿಂಗೆ ಬರುತ್ತೆ. ಬಿಡೋದು ಕಲಿ" ಅಂದರಂತೆ. ಆ ಸಂಜೆ ಅಪ್ಪಯ್ಯ ಮನೆಗೆ ಬಂದು ಇದನ್ನು ನಾಲ್ಕು ಸಲ ಹೇಳಿದ. ನಾಲ್ಕನೇ ಸಲ ನಾನು, ಸಾರು ಆರಿಹೋಗ್ತದೆ, ಮೊದಲು ಉಣ್ಣು ಅಂದೆ.

ಎರಡನೇ ವರ್ಷ ವ್ಯಾಸಪೂರ್ಣಿಮೆಯ ದಿನ ಗುರುಗಳು ಅವನಿಗೆ ಉಪದೇಶ ಕೊಟ್ಟರು. ಇಬ್ಬರ ತಲೆಯ ಮೇಲೂ ಒಂದು ಪಂಚೆ ಹೊದೆಸಿಕೊಂಡು ಬಲಗಿವಿಯಲ್ಲಿ ಮಂತ್ರ ಹೇಳಿದರು. ನಮ್ಮಂಥವರನ್ನು ದೊಡ್ಡ ಮನೆಗಳ ಹೊರಜಗಲಿಯಲ್ಲಿ ಕೂರಿಸಿ ಕಾಫಿ ಕೊಡುತ್ತಿದ್ದ ಕಾಲ ಅದು. ಒಬ್ಬ ಸನ್ಯಾಸಿ ದರ್ಜಿಯೊಬ್ಬನ ತಲೆಗೆ ತಲೆ ತಾಗಿಸಿ ಕೂತರು ಅನ್ನುವುದೇ ಅಪ್ಪಯ್ಯನಿಗೆ ಜೀವಮಾನಕ್ಕೆ ಸಾಕಾಗಿತ್ತು. ಮಂತ್ರಕ್ಕೆ ಕಟ್ಟುಪಾಡು ಇತ್ತು. ಯಾರಿಗೂ ಹೇಳಕೂಡದು. ಬರೆದಿಡಕೂಡದು. ಬಾಯಿಬಿಟ್ಟು ಅನ್ನಲೂ ಕೂಡದು, ಉಸಿರಿನ ಜೊತೆ ಒಳಗೇ ನಡೆಯಬೇಕು. ಹೊಲಿಗೆ ಮಿಷನ್ ತುಳಿಯುವಾಗಲೂ ಅವನೊಳಗೆ ಅದು ನಡೆದಿರುತ್ತಿತ್ತು. ಮುಖ ನೋಡಿದರೆ ನನಗೆ ತಿಳಿಯುತ್ತಿತ್ತು.

ನನಗೆ ಹೊಟ್ಟೆಕಿಚ್ಚಾಗಿತ್ತು. ಹೇಳಿಬಿಡುವುದೇ ಒಳ್ಳೆಯದು. ಹತ್ತು ವರ್ಷ ಅಪ್ಪಯ್ಯನಿಗೆ ನಾನೊಬ್ಬಳೇ ಇದ್ದೆ, ನನಗೆ ಅವನೊಬ್ಬನೇ. ಈಗ ಅವನ ಹತ್ತಿರ ನನಗೆ ಹೇಳಬಾರದ ಒಂದು ವಿಷಯ ಇತ್ತು, ಅದನ್ನು ಕೊಟ್ಟವರು ಬೇರೆಯವರು. ಆಸೆಪಟ್ಟು ಕಾಯಿಕಡುಬು ಮಾಡಿದರೆ ಎರಡು ಮೊದಲು ಉಪ್ಪರಿಗೆಗೆ ಹೋಗಬೇಕು. ತುಂಡುಬಟ್ಟೆಗಳನ್ನು ನನಗೊಂದು ಕೌದಿ ಹೊಲಿಯಲಿಕ್ಕೆ ಅಂತ ಕೂಡಿಟ್ಟಿದ್ದ. ಅವನ್ನು ಗುರುಗಳಿಗೆ ಕೂರಲು ಸಣ್ಣ ಕೌದಿಯಾಗಿ ಹೊಲಿದುಬಿಟ್ಟ. "ಉಡೋಹಾಗಿಲ್ಲ ಸೈ, ಕೂರಬಾರ್ದು ಅಂತ ಎಲ್ಲಿದೆ?" ಅಂತ ಅವರನ್ನೇ ಕೇಳಿದನಂತೆ. ಅವರು ನಕ್ಕು ತೆಗೆದುಕೊಂಡರಂತೆ. ಆಮೇಲೆ ಎರಡು ದಿನ ನಾನು ಅಪ್ಪಯ್ಯನ ಜೊತೆ ಮಾತಾಡಲಿಲ್ಲ. ಯಾಕೆ ಅಂತ ಅವನಿಗೆ ಗೊತ್ತೇ ಆಗಲಿಲ್ಲ.

ಆಮೇಲೆ ನನಗೆ ಸಾಗರದಲ್ಲಿ ಪ್ರೈಮರಿ ಶಾಲೆಯ ಮೇಷ್ಟರ ಕೆಲಸ ಸಿಕ್ಕಿತು. ಹೆಂಗಸಾದರೂ ಅಲ್ಲಿನ ಜನ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ತಿಂಗಳಿಗೊಮ್ಮೆ ಸಾಗರದಲ್ಲಿ ಬಸ್ ಹತ್ತಿ ಹೊಸನಗರದ ಮೇಲಿಂದ ಊರಿಗೆ ಬರುತ್ತಿದ್ದೆ. ಕೆಲಸಕ್ಕೆ ಸೇರಿ ಎರಡನೇ ವರ್ಷ, ಶ್ರಾವಣ ಮಾಸ, ನಾಗರ ಪಂಚಮಿ ಕಳೆದು ಒಂದು ವಾರ. ಶಾಲೆಯ ಬಾಗಿಲಿಗೆ ಬಸ್ಸಿನ ಕಂಡಕ್ಟರ್ ಬಂದು ಒಂದು ಚೀಟಿ ಕೊಟ್ಟ. ನಮ್ಮ ಪಕ್ಕದ ಮನೆಯ ಅತ್ತೆ ಯಾರಿಂದಲೋ ಬರೆಸಿದ್ದು. "ಅಪ್ಪಯ್ಯನಿಗೆ ಹುಷಾರಿಲ್ಲ, ಕೂಡಲೇ ಹೊರಟು ಬಾ." ಅತ್ತೆ ಅಂದರೆ ಸಂಬಂಧದಲ್ಲಿ ಅತ್ತೆಯಲ್ಲ, ಅಮ್ಮ ಹೋದ ಮೇಲೆ ನನ್ನನ್ನು ಸಾಕಲು ಅಪ್ಪಯ್ಯನಿಗೆ ಕೈ ಸೇರಿಸಿದವಳು.

ಬಂದು ನೋಡಿದರೆ ಲಕ್ವ ಹೊಡೆದು ಅಪ್ಪಯ್ಯನ ಬಲಗೈ, ಬಲಗಾಲು ಬಿದ್ದುಹೋಗಿತ್ತು. ಬಾಯಿ ಸ್ವಲ್ಪ ಓರೆ. ಮಾತು ಬರುತ್ತಿತ್ತು, ಆದರೆ ಎಷ್ಟೋ ಮಾತು ಕಳೆದುಹೋಗಿತ್ತು. ಕತ್ತರಿಗೆ "ಅದು" ಅನ್ನುತ್ತಿದ್ದ. ನೀರಿಗೂ "ಅದು." ನನ್ನ ಹೆಸರು ಬಾರದೆ "ಮಗಾ, ಮಗಾ" ಅಂದ. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಬಂದು ನೋಡಿದ್ದರು. ಅಲುಗಾಡಿಸಬೇಡಿ, ಗಾಡಿ ಗೀಡಿ ಹತ್ತಿಸಬೇಡಿ, ಇನ್ನೊಂದು ಸಲ ಹೊಡೆದರೆ ಉಳಿಯೋದಿಲ್ಲ ಅಂದಿದ್ದರು.

ಮಾರನೇ ದಿನ ಬೆಳಿಗ್ಗೆ ಗಂಜಿ ಕುಡಿಸಿ ಬಾಯಿ ಒರೆಸುತ್ತಿದ್ದೆ. ಅಪ್ಪಯ್ಯ ಇದ್ದಕ್ಕಿದ್ದಂತೆ ಎಡಗೈ ಎತ್ತಿ ಬಲಗಿವಿ ಮುಟ್ಟಿಕೊಂಡ.

"ಹೋಯ್ತು" ಅಂದ.

"ಎಂತ ಹೋಯ್ತು? ಕಿವಿ ಕೇಳಲ್ವಾ?"

ತಲೆ ಆಡಿಸಿದ. ಮತ್ತೆ ಕಿವಿ ಮುಟ್ಟಿದ. "ಅವ್ರು ಕೊಟ್ಟಿದ್ದು" ಅಂದ. ಕಣ್ಣಿನಿಂದ ನೀರು ಇಳಿದು ಅದೇ ಕಿವಿಯೊಳಗೆ ಹೋಯಿತು.

ಮಂತ್ರ ಮರೆತುಹೋಗಿತ್ತು. ಕತ್ತರಿ ಹೋದ ದಾರಿಯಲ್ಲೇ ಅದೂ ಹೋಗಿತ್ತು. ಕತ್ತರಿಯಾದರೆ ತಂದು ತೋರಿಸಬಹುದು, ಇದನ್ನು ಎಲ್ಲಿಂದ ತರುವುದು? ಬರೆದಿಟ್ಟಿಲ್ಲ. ಯಾರಿಗೂ ಹೇಳಿಲ್ಲ. ಗೊತ್ತಿದ್ದವರು ಇಬ್ಬರೇ, ಅವರಲ್ಲಿ ಒಬ್ಬ ಮರೆತಿದ್ದ.

ನಾನು ದಡ್ಡಿ, ಏನು ಮಾಡಿದೆ ಗೊತ್ತೇ? ಕಿವಿಯ ಹತ್ತಿರ ಬಗ್ಗಿ ಒಂದೊಂದೇ ದೇವರ ಹೆಸರು ಹೇಳತೊಡಗಿದೆ. ರಾಮನದು ಹೇಳಿದೆ, ಶಿವನದು ಹೇಳಿದೆ, ಇದಾ, ಅದಾ ಅಂತ ಕೇಳಿದೆ, ಮಗ್ಗಿ ಕೇಳುವ ಮೇಷ್ಟರ ಹಾಗೆ. ಮೂರನೆಯದನ್ನು ಬಾಯಿಗೆ ತರುವಷ್ಟರಲ್ಲಿ ಅಪ್ಪಯ್ಯ ಸರಕ್ಕನೆ ಎಡಗೈ ಎತ್ತಿ ನನ್ನ ಬಾಯಿ ಮುಚ್ಚಿದ. ಆ ಕೈಯಲ್ಲಿ ಇನ್ನೂ ಅಷ್ಟು ಬಲ ಇತ್ತು ಅಂತ ನನಗೆ ಗೊತ್ತಿರಲಿಲ್ಲ. ನಾನು ಹೇಳುತ್ತಾ ಹೋಗಿ ಅಕಸ್ಮಾತ್ ಸರಿಯಾದದ್ದೇ ಬಂದುಬಿಟ್ಟರೆ ಗುಟ್ಟು ಒಡೆದಂತೆ ಆಗುತ್ತಿತ್ತು. ಮರೆತ ಮೇಲೂ ಅದನ್ನು ಕಾಯುತ್ತಿದ್ದ.

"ಅವ್ರನ್ನ ಕರಿ" ಅಂದ.

ಈಗ ಚಾತುರ್ಮಾಸ್ಯದ ವಿಷಯ ಹೇಳಬೇಕು. ಆಷಾಢದ ಹುಣ್ಣಿಮೆಯಿಂದ ಭಾದ್ರಪದದ ಹುಣ್ಣಿಮೆಯ ತನಕ ಸನ್ಯಾಸಿಗಳು ಇದ್ದ ಊರು ಬಿಡುವುದಿಲ್ಲ, ಹೊಳೆ ದಾಟುವುದಿಲ್ಲ. ಸಂಕಲ್ಪ ಮಾಡಿ ಕೂತರೆ ಕೂತರು. ಮಳೆಗಾಲದಲ್ಲಿ ನಡೆದಾಡಿದರೆ ಕಾಲಡಿ ಹುಳುಹುಪ್ಪಟೆ ಸಾಯುತ್ತವೆ ಅಂತ ಹುಟ್ಟಿದ ನಿಯಮವಂತೆ. ವ್ರತ ಮುಗಿದ ದಿನ ಹೊಳೆ ದಾಟಿ ಬರುತ್ತಾರೆ, ಅದಕ್ಕೆ ಸೀಮೋಲ್ಲಂಘನ ಅನ್ನುತ್ತಾರೆ. ನಮ್ಮ ಗುರುಗಳು ಆ ವರ್ಷ ಪೇಟೆಯ ಉಪ್ಪರಿಗೆಯಲ್ಲೇ ವ್ರತಕ್ಕೆ ಕೂತಿದ್ದರು. ಅವರು ಹೊಳೆಯ ಆ ಕಡೆ, ಅಪ್ಪಯ್ಯ ಈ ಕಡೆ. ನಡುವೆ ಗಟ್ಟಿಮುಟ್ಟಾದ ಸೇತುವೆ, ದಿನವೂ ಲಾರಿ ಓಡಾಡುವ ಸೇತುವೆ. ನಡೆದರೆ ಕಾಲು ಗಂಟೆಯೂ ಬೇಡ.

ಹೊರಡುವಾಗ ಅಪ್ಪಯ್ಯ ಅಟ್ಟದ ಕಡೆ ಕೈ ತೋರಿಸಿದ. ಅತ್ತೆಗೆ ಅರ್ಥವಾಗಿ, ಹಬ್ಬಕ್ಕೆ ಮಾತ್ರ ಇಳಿಸುವ ಹಲಸಿನ ಮಣೆ ಇಳಿಸಿ ಒರೆಸಿ ಮಂಚದ ಪಕ್ಕ ಇಟ್ಟಳು. ಗುರುಗಳು ಬಂದರೆ ಕೂರಲಿಕ್ಕೆ. ಮಂಚವನ್ನು ಬಾಗಿಲಿಗೆ ಎದುರಾಗಿ ಮೆಲ್ಲಗೆ ತಿರುಗಿಸಿದೆವು. ಒಗೆದ ಬಿಳಿ ಅಂಗಿ ಹಾಕು ಅಂದ, ಹಾಕಿದೆ. ಬಲಗೈಯನ್ನು ತೋಳಿನೊಳಗೆ ತೂರಿಸುವಾಗ ಅವನೇ ಹೊಲಿದ ಹೊಲಿಗೆ ಒಂದೆರಡು ಕಡೆ ಬಿಚ್ಚಿತು.

ಪೇಟೆಯ ಕಟ್ಟಡದ ಮೆಟ್ಟಿಲ ಬುಡದಲ್ಲೇ ಸಾಹುಕಾರರು ಸಿಕ್ಕಿದರು. ಕೆಟ್ಟವರಲ್ಲ. ಅಪ್ಪಯ್ಯ ಬಿದ್ದ ದಿನ ಡಾಕ್ಟರನ್ನು ಕಳಿಸಿದವರು ಅವರೇ. ನಾನು ಬಂದ ಕಾರಣ ಹೇಳಿದೆ. ಮಂತ್ರದ ವಿಷಯವನ್ನೂ ಹೇಳಿದೆ. ಅವರು ಶಲ್ಯ ಸರಿಮಾಡಿಕೊಂಡರು.

"ವ್ರತಕ್ಕೆ ಕೂತ ಸನ್ಯಾಸಿಗಳನ್ನ ಹೊಳೆ ದಾಟಿ ಬನ್ನಿ ಅಂತ ಕರೀತಾರಾ ತಂಗಿ? ನೀನು ಓದಿದವಳು" ಅಂದರು. "ಬಂದ್ರೆ ಅವರ ವ್ರತ ಹೋಯ್ತು. ಬರಲ್ಲ ಅಂದ್ರೆ ಆ ಸಂಕಟ ಅವರಿಗೇ. ಎರಡ್ರಲ್ಲಿ ಯಾವುದನ್ನ ಅವರಿಗೆ ಕೊಡ್ಬೇಕು ಅಂತ ಬಂದಿದೀ ನೀನು? ನಿಮ್ಮಪ್ಪನಿಗೂ ಅದು ಒಳ್ಳೇದಲ್ಲ, ಈ ಹೊತ್ತಲ್ಲಿ ಗುರುದೋಷ ಕಟ್ಟಿಕೊಳ್ಳೋದು. ಹೋಗಿ ನಮಸ್ಕಾರ ಮಾಡ್ಕೊಂಡು ಬಾ. ಅದನ್ನ ಮಾತ್ರ ಕೇಳ್ಬೇಡ."

ಅಷ್ಟೇ ಅವರು ಹೇಳಿದ್ದು. ನನ್ನ ಬಾಯಿಗೆ ಬೀಗ ಹಾಕಲಿಲ್ಲ, ದಾರಿ ಕಟ್ಟಲಿಲ್ಲ. ನಾನು ಮೆಟ್ಟಿಲು ಹತ್ತಿ ಹೋದೆ.

ಗುರುಗಳು ಕಿಟಕಿಯ ಹತ್ತಿರ ಅಪ್ಪಯ್ಯನ ಕೌದಿಯ ಮೇಲೆ ಕೂತಿದ್ದರು. ಅದರಲ್ಲಿ ನನ್ನ ಹಳೆಯ ನೀಲಿ ಲಂಗದ ಒಂದು ತುಂಡು ಇತ್ತು. ನಮಸ್ಕಾರ ಮಾಡಿ ಏಳುವಾಗ ಅದೇ ಕಣ್ಣಿಗೆ ಬಿತ್ತು.

"ಹೆಂಗಿದಾನೆ ನಮ್ಮ ದರ್ಜಿ?" ಅಂತ ಕೇಳಿದರು.

"ಪರವಾಗಿಲ್ಲ ಸ್ವಾಮಿಗಳೇ."

"ಮಾತು?"

"ಸ್ವಲ್ಪ ಸ್ವಲ್ಪ ಬರ್ತಿದೆ."

ಅವರು ಮಂತ್ರಾಕ್ಷತೆ, ಎರಡು ಬಾಳೆಹಣ್ಣು ಕೊಟ್ಟರು. ನಾನು ಸೆರಗಿನಲ್ಲಿ ಕಟ್ಟಿಕೊಂಡೆ. ಹೊರಡದೆ ನಿಂತಿದ್ದೆ. "ಮತ್ತೇನಾದ್ರೂ ಇತ್ತಾ ತಾಯಿ?" ಅಂದರು.

"ಇಲ್ಲ" ಅಂದೆ.

ಯಾಕೆ ಇಲ್ಲ ಅಂದೆ? ಸಾಹುಕಾರರ ಮಾತಿಗೆ ಹೆದರಿ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಗುರುದೋಷ ಅಂದದ್ದಕ್ಕೆ ಹೆದರಿದ್ದು ನಿಜ. ಆದರೆ ಅದೊಂದೇ ಅಲ್ಲ. ಸಾಗರದಿಂದ ಬಿದ್ದೆದ್ದು ಬಂದವಳು ನಾನು. ಅವನ ಮೈ ಒರೆಸಿದವಳು, ಬಟ್ಟೆ ಬದಲಾಯಿಸಿದವಳು ನಾನು. ನನ್ನ ಹೆಸರು ಮರೆತದ್ದಕ್ಕೆ ಅವನು ಒಂದು ಹನಿ ಅಳಲಿಲ್ಲ, ಇವರ ಮಂತ್ರ ಮರೆತದ್ದಕ್ಕೆ ಅತ್ತ. ನಮಸ್ಕಾರ ಮಾಡಿ ಏಳುವಾಗ ನನ್ನೊಳಗೆ ಅದೇ ಕುದಿಯುತ್ತಿತ್ತು. ಆ ಲಂಗದ ತುಂಡು ಕಂಡಾಗ ಇನ್ನೂ ಹೆಚ್ಚಾಯಿತು. ಥೂ, ಎಂಥ ಹೊತ್ತಿನಲ್ಲಿ ಎಂಥ ಸಣ್ಣತನ.

ಸೇತುವೆಯ ಮೇಲೆ ಬರುವಾಗ ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಮನೆಗೆ ಹೋಗಿ ಏನು ಹೇಳುವುದು? ಕೇಳಲಿಲ್ಲ ಅಂತ ಹೇಳಿದರೆ ಅಪ್ಪಯ್ಯ ಯಾಕೆ ಅಂತ ಕೇಳುತ್ತಾನೆ. ಸೇತುವೆ ಮುಗಿಯುವುದರೊಳಗೆ ನಾನು ಒಂದು ಉತ್ತರ ಕಟ್ಟಿಕೊಂಡಿದ್ದೆ.

ಅಪ್ಪಯ್ಯನ ಕಣ್ಣು ಬಾಗಿಲಲ್ಲೇ ಇತ್ತು. ನಾನು ಒಳಗೆ ಬಂದ ಮೇಲೂ ನನ್ನ ಹಿಂದೆ ನೋಡುತ್ತಿದ್ದ.

"ಈಗ ಹೊಳೆ ದಾಟೋಹಾಗಿಲ್ಲಂತೆ ಅಪ್ಪಯ್ಯ. ಭಾದ್ರಪದ ಹುಣ್ಣಿಮೆ ಕಳೆದ ಕೂಡ್ಲೇ ಬರ್ತಾರಂತೆ" ಅಂದೆ.

"ಹೇಳಿದ್ಯಾ?" ಅಂದ. ಕಿವಿ ಮುಟ್ಟಿ, "ಹೋಯ್ತು ಅಂತ?"

"ಹೇಳ್ದೆ."

"ಹೇಳಿದ್ರೂ?"

"ಹೇಳಿದ್ರೂ."

ಅವನು ಬಹಳ ಹೊತ್ತು ನನ್ನನ್ನು ನೋಡಿದ. ಅನುಮಾನ ಪಡಲಿಲ್ಲ, ನನ್ನ ಮೇಲೆ ಅವನು ಯಾವತ್ತೂ ಅನುಮಾನ ಪಟ್ಟವನಲ್ಲ. ಆಮೇಲೆ ಓರೆಬಾಯಲ್ಲಿ ಒಂದೊಂದೇ ಮಾತು ಹುಡುಕಿ, "ಹೋಗ್ಲಿ ಬಿಡು. ನಾವೇನು... ದೊಡ್ಡೋರಾ" ಅಂದ.

ಅದು ನನ್ನ ಎದೆಗೆ ನಾಟಿತು. ಎರಡು ವರ್ಷದ ಹಿಂದೆ ಒಂದೇ ಪಂಚೆಯ ಕೆಳಗೆ ತಲೆ ಕೊಟ್ಟು ಕೂತ ಗುರುಗಳನ್ನು ನಾನು ಒಂದೇ ಮಾತಿನಲ್ಲಿ ಹೊರಜಗಲಿಯಲ್ಲಿ ಕೂರಿಸಿ ಕಾಫಿ ಕೊಡುವವರ ಸಾಲಿಗೆ ಸೇರಿಸಿಬಿಟ್ಟಿದ್ದೆ. ಆ ಕ್ಷಣವೇ ಸುಳ್ಳು ಅಂತ ಹೇಳಬಹುದಿತ್ತು. ಹೇಳಲಿಲ್ಲ. ಮಣೆ ತೆಗೆಯಲು ಅತ್ತೆ ಬಗ್ಗಿದಾಗ ಅಪ್ಪಯ್ಯ ಬೇಡ ಅಂತ ಕೈ ಮಾಡಿದ. ಮಣೆ ಅಲ್ಲೇ ಉಳಿಯಿತು.

ಇನ್ನೂ ಒಂಬತ್ತು ದಿನ ಅವನು ಇದ್ದ. ಪ್ರತಿ ಬೆಳಿಗ್ಗೆ ಇವತ್ತು ಹೋಗಿ ಕೇಳಿಬಿಡುತ್ತೇನೆ ಅಂದುಕೊಳ್ಳುತ್ತಿದ್ದೆ. ಆದರೆ ಗುರುಗಳು ನಿಜಕ್ಕೂ ಬಂದುಬಿಟ್ಟರೆ ನನ್ನ ಸುಳ್ಳು ಅಪ್ಪಯ್ಯನ ಎದುರೇ ಬೀಳುತ್ತದಲ್ಲ. ಮೊದಲ ದಿನ ಹೋಗದೆ ಇದ್ದದ್ದು ನಾಚಿಕೆಗೆ, ಎರಡನೇ ದಿನ ಮೊದಲ ದಿನದ ಸಲುವಾಗಿ. ಹಾಗೇ ದಿನ ಹೋದವು. ನಾಲ್ಕು ಜನರನ್ನು ಕರೆದು ಮಂಚ ಹೊರಿಸಿಕೊಂಡು ಮೆಲ್ಲಗೆ ಸೇತುವೆ ದಾಟಿಸಿದರೆ ಹೇಗೆ ಅಂತಲೂ ಯೋಚಿಸಿದೆ. ಡಾಕ್ಟರು ಅಲುಗಾಡಿಸಬೇಡಿ ಅಂದಿದ್ದಾರೆ ಅಂತ ಅದನ್ನೂ ಬಿಟ್ಟೆ. ನಾಲ್ಕು ಜನ ಹೊತ್ತದ್ದು ಆಮೇಲೆ, ಬೇರೆ ಕಡೆಗೆ.

ಆ ಒಂಬತ್ತು ದಿನ ಅಪ್ಪಯ್ಯ ಜಪಕ್ಕೆ ಕೂರುವ ಹೊತ್ತಿಗೆ ಸರಿಯಾಗಿ ಎಚ್ಚರಾಗುತ್ತಿದ್ದ. ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳುತ್ತಿದ್ದ. ಎಳೆದುಕೊಂಡು ಹಿಡಿದು, ಏನೋ ಬರುತ್ತದೆಂದು ಕಾಯುತ್ತಿದ್ದ. ಏನೂ ಬರದೆ ಹಾಗೇ ಬಿಡುತ್ತಿದ್ದ. ಮತ್ತೆ ಎಳೆದುಕೊಳ್ಳುತ್ತಿದ್ದ. ಪಕ್ಕದಲ್ಲಿ ಕೂತು ಅದನ್ನು ನೋಡುವುದಕ್ಕಿಂತ ನನಗೇ ಲಕ್ವ ಹೊಡೆದಿದ್ದರೆ ಆಗುತ್ತಿತ್ತು ಅನ್ನಿಸುತ್ತಿತ್ತು. ಕೃಷ್ಣಾಷ್ಟಮಿಯ ಹಿಂದಿನ ದಿನ ಬೆಳಿಗ್ಗೆ, ಅದೇ ಹೊತ್ತಿನಲ್ಲಿ, ಎಳೆದುಕೊಂಡ ಉಸಿರು ಹೊರಗೆ ಬಂದ ಮೇಲೆ ಮತ್ತೆ ಒಳಗೆ ಹೋಗಲಿಲ್ಲ.

ಕ್ರಿಯೆಗಳನ್ನು ದೊಡ್ಡಪ್ಪನ ಮಗ ಮಾಡಿದ. ಗುರುಗಳು ಯಾರದೋ ಕೈಯಲ್ಲಿ ತೀರ್ಥ ಕಳಿಸಿದ್ದರು. ನಾನು ಸಾಗರಕ್ಕೆ ಕಾಗದ ಬರೆದು ರಜೆ ಮುಂದುವರಿಸಿದೆ. ಮನೆ ಖಾಲಿ ಮಾಡುವುದಿತ್ತು, ಅಂಗಡಿಯಲ್ಲಿ ಜನರ ಅರ್ಧ ಹೊಲಿದ ಬಟ್ಟೆಗಳಿದ್ದವು, ಅವನ್ನು ಮುಟ್ಟಿಸುವುದಿತ್ತು. ಮಂಚ ಎತ್ತಿಟ್ಟೆ. ಮಣೆಯನ್ನು ಮಾತ್ರ ಎತ್ತಲು ಕೈ ಬರಲಿಲ್ಲ. ಸುತ್ತ ಗುಡಿಸುತ್ತಿದ್ದೆ.

ಭಾದ್ರಪದ ಹುಣ್ಣಿಮೆ ಬಂತು. ಗುರುಗಳ ಸೀಮೋಲ್ಲಂಘನಕ್ಕೆ ಸಾಹುಕಾರರು ವಾದ್ಯ, ಮಾವಿನ ಸೊಪ್ಪಿನ ತೋರಣ ಎಲ್ಲ ಮಾಡಿಸಿದ್ದರು. ಸೇತುವೆ ದಾಟಿ ಕುರುವಳ್ಳಿಯ ದೊಡ್ಡ ಮನೆಯೊಂದರಲ್ಲಿ ಪೂಜೆ, ಊಟ. ನಾನು ಹೋಗಿರಲಿಲ್ಲ, ಸೂತಕದ ಮನೆಯವಳು ಅನ್ನುವ ನೆಪ ಇತ್ತು. ಹಿತ್ತಿಲಿಗೆ ವಾದ್ಯದ ಸದ್ದು ಕೇಳುತ್ತಿತ್ತು. ಅದು ಸೇತುವೆಯ ಈಚೆ ಬಂದು ಇದ್ದಕ್ಕಿದ್ದಂತೆ ನಿಂತಿತು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಗುರುಗಳು ಒಬ್ಬರೇ ನಿಂತಿದ್ದರು. ಹೆಗಲ ಮೇಲೆ ಮಡಿಸಿದ ಕೌದಿ.

ಒಳಗೆ ಬಂದರು. ಅವರ ಕಣ್ಣು ಮಣೆಯ ಮೇಲೆ ಬಿತ್ತು. ಖಾಲಿ ಕೋಣೆಯಲ್ಲಿ ಅದೊಂದೇ ಇತ್ತು.

"ಇದು ಯಾರಿಗೆ ಹಾಕಿದ್ದು?"

"ನಿಮಗೆ" ಅಂದೆ.

"ನಾನು ಬರ್ತೀನಿ ಅಂತ ಗೊತ್ತಿತ್ತಾ?"

"ಇವತ್ತು ಹಾಕಿದ್ದಲ್ಲ ಸ್ವಾಮಿಗಳೇ" ಅಂದೆ. ಅಲ್ಲಿಂದ ಮುಂದೆ ನನಗೆ ತಡೆಯಲು ಆಗಲಿಲ್ಲ. ಅಪ್ಪಯ್ಯ ಕಿವಿ ಮುಟ್ಟಿಕೊಂಡದ್ದು, ನನ್ನ ಬಾಯಿ ಮುಚ್ಚಿದ್ದು, ಮಣೆ ಹಾಕಿಸಿದ್ದು, ಬಿಳಿ ಅಂಗಿ, ಸಾಹುಕಾರರು ಮೆಟ್ಟಿಲ ಬುಡದಲ್ಲಿ ಅಂದದ್ದು, ನಾನು ಉಪ್ಪರಿಗೆಗೆ ಬಂದು ಕೇಳದೇ ಹೋದದ್ದು, ಕೇಳಿದೆ ಅಂದದ್ದು, ಬರಲ್ಲ ಅಂದರು ಅಂದದ್ದು, ಎಲ್ಲ ಹೇಳಿದೆ. "ನಾವೇನು ದೊಡ್ಡೋರಾ" ಅಂದದ್ದನ್ನೂ ಹೇಳಿದೆ. ಅದನ್ನು ಕೇಳುವಾಗ ಅವರು ಗೋಡೆಗೆ ಕೈ ಊರಿದರು.

ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ವ್ರತ ನಂದು ತಾಯಿ" ಅಂದರು. "ಮುರೀಬೇಕೋ ಬೇಡ್ವೋ ಅಂತ ಯೋಚನೆ ಮಾಡೋ ಕಷ್ಟಾನೂ ನಂದೇ. ಅದನ್ನ ಸಾಹುಕಾರ್ರೂ ನೀನೂ ಸೇರಿ ನನ್ನ ಕೈಯಿಂದ ತಗೊಂಡ್ಬಿಟ್ರಿ."

"ಕೇಳಿದ್ರೆ ಬರ್ತಿದ್ರಾ?" ಅಂದೆ. ಕೇಳಬಾರದಿತ್ತು. ಆದರೆ ಕೇಳದೆ ಬಂದು ಒಮ್ಮೆ ಆಗಿತ್ತಲ್ಲ.

ಹೊರಗೆ ರಸ್ತೆಯಲ್ಲಿ ವಾದ್ಯದವರು ಕೆಮ್ಮುವುದು ಕೇಳುತ್ತಿತ್ತು.

"ಅವತ್ತು ನೀನು ಹಣ್ಣು ಕಟ್ಕೊಂಡು ಹೊರಡದೆ ನಿಂತಿದ್ಯಲ್ಲ, ಏನೋ ಕೇಳೋಕೆ ಬಂದಿದಾಳೆ ಅಂತ ನಂಗೆ ಗೊತ್ತಾಗಿತ್ತು. ಏನು ಅಂತಲೂ ಸುಮಾರಾಗಿ ಗೊತ್ತಾಗಿತ್ತು. ಒಂದ್ಸಲ ಕೇಳ್ದೆ, ನೀನು ಇಲ್ಲ ಅಂದೆ. ಇನ್ನೊಂದ್ಸಲ ಕೇಳ್ಬಹುದಿತ್ತು" ಅಂದರು. "ಕೇಳ್ಲಿಲ್ಲ. ಕೇಳಿದ್ರೆ ನೀನು ಹೇಳ್ತಿದ್ದೆ. ಹೇಳಿದ್ರೆ ನಾನು ಏಳ್ಬೇಕಾಗ್ತಿತ್ತು."

ಗುರು ಅಂದರೆ ಏನು ಅಂತ ಆಮೇಲೆ ಬಹಳ ಜನ ದೊಡ್ಡ ದೊಡ್ಡ ಮಾತಿನಲ್ಲಿ ಹೇಳಿದ್ದನ್ನು ಕೇಳಿದ್ದೇನೆ. ಕತ್ತಲೆ ಕಳೆಯುವವನು, ದಾರಿ ತೋರುವವನು, ಎಲ್ಲ ಕೇಳಿದ್ದೇನೆ. ನನಗೆ ನೆನಪಾಗುವುದು ಆ ದಿನ ನಮ್ಮ ಕೋಣೆಯಲ್ಲಿ ಗೋಡೆಗೆ ಕೈ ಊರಿ ನಿಂತು ತನ್ನ ತಪ್ಪನ್ನು ನನ್ನ ತಪ್ಪಿನ ಪಕ್ಕದಲ್ಲಿ ತಂದಿಟ್ಟ ಆ ಮುದುಕರು. ಅವರ ಮೇಲಿದ್ದ ನನ್ನ ಹೊಟ್ಟೆಕಿಚ್ಚು ಹೋದದ್ದು ಅವತ್ತು. ಅಪ್ಪಯ್ಯ ಅವರಲ್ಲಿ ಏನು ಕಂಡಿದ್ದ ಅಂತ ನನಗೆ ತಿಳಿದದ್ದೂ ಅವತ್ತೇ, ಅಪ್ಪಯ್ಯ ಹೋದ ಮೇಲೆ.

ಅವರು ಮಣೆಯ ಮೇಲೆ ಕೂರಲಿಲ್ಲ. ಅದರ ಎದುರು ಬರೀ ನೆಲದ ಮೇಲೆ ಕೂತು ಕಣ್ಣು ಮುಚ್ಚಿದರು. ತುಟಿ ಅಲುಗಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಕಣ್ಣು ಬಿಟ್ಟು, "ಬಾ, ಕೂತ್ಕೋ. ಅವನದನ್ನ ನಿನಗೆ ಹೇಳ್ತೀನಿ. ನಿನ್ನ ಹತ್ರ ಉಳೀಲಿ" ಅಂದರು.

ನಾನು ಎರಡು ಹೆಜ್ಜೆ ಮುಂದಿಟ್ಟೆ. ಬಲಗಿವಿಯ ಮೇಲಿನ ಕೂದಲನ್ನು ಸರಿಸಿಕೊಂಡದ್ದೂ ನೆನಪಿದೆ. ಆಗ ಅಪ್ಪಯ್ಯನ ಕೈ ಮತ್ತೆ ನನ್ನ ಬಾಯಿಯ ಮೇಲೆ ಬಂದಂತೆ ಆಯಿತು. ಅವನು ಒಂಬತ್ತು ದಿನ ಕಾದದ್ದು ಅದಕ್ಕೇ. ಅವನಿಗೆ ಸಿಗದಂತೆ ಮಾಡಿದವಳು ನಾನು, ನನಗೆ ಅದು ಹೇಗೆ ಸಿಗಬೇಕು?

"ಬೇಡ ಸ್ವಾಮಿಗಳೇ. ಅದು ಅಪ್ಪಯ್ಯನದು" ಅಂದೆ.

ಅವರು ಒತ್ತಾಯ ಮಾಡಲಿಲ್ಲ. ಎದ್ದು, ಹೆಗಲ ಮೇಲಿದ್ದ ಕೌದಿಯನ್ನು ಮಣೆಯ ಮೇಲಿಟ್ಟು, "ಇದಾದ್ರೂ ನಿಂದು" ಅಂದರು. ಹೊರಗೆ ಹೋದರು. ವಾದ್ಯ ಮತ್ತೆ ಶುರುವಾಯಿತು. ಮುಂದಿನ ವರ್ಷ ಅವರು ತೀರ್ಥಹಳ್ಳಿಯಲ್ಲಿ ವ್ರತಕ್ಕೆ ಕೂರಲಿಲ್ಲ. ಸಿಗಂದೂರಿನ ಕಡೆ ಕಂಡೆವು ಅಂತ ಯಾರೋ ಸಾಗರದಲ್ಲಿ ಹೇಳಿದರು. ನಾನು ಒಂದು ಭಾನುವಾರ ದೋಣಿ ಹತ್ತಿ ಹಿನ್ನೀರಿನ ಆಚೆ ಹೋಗಿ ವಿಚಾರಿಸಿಯೂ ಬಂದೆ. ಅಲ್ಲಿರಲಿಲ್ಲ. ಆಮೇಲೆ ಯಾರೂ ಅವರ ಸುದ್ದಿ ಹೇಳಲಿಲ್ಲ.

ಕೆಲಸದಿಂದ ನಿವೃತ್ತಿಯಾಗಿ ಎಷ್ಟೋ ವರ್ಷವಾಯಿತು. ಬೆಳಿಗ್ಗೆ ಎದ್ದು ಕೌದಿ ಹಾಸಿ ಕೂರುವುದು ಅವತ್ತಿನಿಂದ ತಪ್ಪಿಲ್ಲ. ನನ್ನ ನೀಲಿ ಲಂಗದ ತುಂಡು ಸವೆದು ಈಗ ಎಳೆ ಮಾತ್ರ ಉಳಿದಿದೆ. ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳುತ್ತೇನೆ, ಸ್ವಲ್ಪ ಹಿಡಿಯುತ್ತೇನೆ, ಬಿಡುತ್ತೇನೆ. ಜೊತೆಗೆ ಹೇಳಿಕೊಳ್ಳಲು ನನ್ನ ಹತ್ತಿರ ಏನೂ ಇಲ್ಲ. ಅಪ್ಪಯ್ಯ ಕೊನೆಯ ಒಂಬತ್ತು ದಿನ ಹೀಗೇ ಇದ್ದ.